ನಮ್ಮ ಗಡಸು ನೀರಿಗೆ ನೀಲಿ ಮುದ್ರಣವೋ, ಕಂದು ಮುದ್ರಣವೋ?

ಕಳೆದ ದೀಪಾವಳಿಯ ಹೊತ್ತಿಗೆ ಕಲಬುರಗಿಯ ಬಹಮನಿ ಗೋರಿಗಳಾದ ಹಫ್ತ್ ಗುಂಬಜಿನ ಒಂದು ವ್ಯಾನ್ ಡೈಕ್ ಮುದ್ರಣಕ್ಕೆ, ಎಂದರೆ ನೆಗೆಟಿವಿನಿಂದ ಬಿಸಿಲಿನಲ್ಲಿ ಕಾಗದದ ಮೇಲೆ ಮೂಡಿಸುವ ಕಂದು ಚಿತ್ರಕ್ಕೆ, ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೆ. ಯುಗಾದಿಗೆ ಗೋಡೆಗೆ ಬಣ್ಣ ಬಳಿಯಬೇಕೆಂದು ಅದನ್ನು ಕೆಳಗಿಳಿಸಿ ನೋಡಿದಾಗ, ಕಮಾನಿನ ಗಾರೆಯ ಮೇಲಿದ್ದ ಬೆಳಕಿನ ಭಾಗವೆಲ್ಲ ಅರಿಸಿನ ನೀರು ಚೆಲ್ಲಿದಂತೆ ಹಳದಿಯಾಗಿತ್ತು. ಬಾಗಿಲಿನೊಳಗಿನ ಗಾಢವಾದ ನೆರಳು ತೆಳುವಾಗಿ, ಹಳೆಯ ರಸೀದಿಯ ಅಕ್ಷರದಂತೆ ಮಾಸಿತ್ತು. ಅದೇ ನೆಗೆಟಿವಿನಿಂದ ಅದೇ ವಾರ ಮಾಡಿದ್ದ ಸಯನೋಟೈಪ್ ಮುದ್ರಣ ಮಾತ್ರ ಅದೇ ಗೋಡೆಯ ಮೇಲೆ ಮೊದಲ ದಿನದಂತೆಯೇ ನೀಲಿಯಾಗಿ ಉಳಿದಿತ್ತು. ಕಲಬುರಗಿಯಲ್ಲಿ ಕುಳಿತು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೊರಟವರಿಗೆ ನನ್ನ ಎರಡು ವರ್ಷಗಳ ಅನುಭವ ಉಪಯೋಗವಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಒಲವು ನೀಲಿಯ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡೂ ಕಬ್ಬಿಣದ ಲವಣವನ್ನು ನಂಬಿದ ವಿಧಾನಗಳು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪಿನಲ್ಲಿ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಸೇರಿ, ಬಿಸಿಲು ಬಿದ್ದಲ್ಲಿ ಪ್ರಷ್ಯನ್ ನೀಲಿ ಹುಟ್ಟುತ್ತದೆ. ವ್ಯಾನ್ ಡೈಕಿನಲ್ಲಿ ಅದೇ ಸಿಟ್ರೇಟಿನ ಜೊತೆಗೆ ಟಾರ್ಟಾರಿಕ್ ಆಮ್ಲ ಮತ್ತು ಸಿಲ್ವರ್ ನೈಟ್ರೇಟ್ ಸೇರುವುದರಿಂದ ಕೊನೆಗೆ ಕಾಗದದಲ್ಲಿ ಉಳಿಯುವುದು ಬೆಳ್ಳಿ. ನೆಗೆಟಿವನ್ನು ಕಾಗದದ ಮೇಲೇ ಇಟ್ಟು ಬಿಸಿಲಿಗೆ ಒಡ್ಡುವುದರಿಂದ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು; ಆದ್ದರಿಂದ ಇವೆರಡಕ್ಕೂ ದೊಡ್ಡ ಫಿಲ್ಮ್ ಬೇಕು. ನನ್ನದು 4×5 ಇಂಚಿನ ಫಿಲ್ಮ್ ಹಿಡಿಯುವ ಮರದ ಕ್ಯಾಮೆರಾ.

ಇನ್ನು ನೀರಿನ ವಿಷಯ. ಶಹಾಬಾದ್, ಸೇಡಂ, ವಾಡಿಯ ನೆಲದಡಿ ಇರುವುದು ಸುಣ್ಣದಕಲ್ಲು. ನಮ್ಮ ಮನೆಗಳ ಫರಸಿಯೂ ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಆ ಸುಣ್ಣವೇ ಬೋರ್‌ವೆಲ್ ನೀರಿನಲ್ಲಿ ಕರಗಿ ಬರುತ್ತದೆ. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿದ್ದೂ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ ಎಂಬುದು ಇಲ್ಲಿನ ಪ್ರತಿ ಮನೆಯವರಿಗೂ ಗೊತ್ತು. ಆದರೆ ಆ ನೀರು ಮುದ್ರಣಕ್ಕೆ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಕಬ್ಬಿಣದ ಲವಣ ಆಮ್ಲದ ಅಂಶವಿರುವ ನೀರಿನಲ್ಲಿ ಸುಲಭವಾಗಿ ಕರಗಿ ಕಾಗದದಿಂದ ಹೊರಬರುತ್ತದೆ. ನೀರು ನಮ್ಮ ಸುಣ್ಣದ ನೀರಿನಂತೆ ಕ್ಷಾರೀಯವಾಗಿದ್ದರೆ ಅದೇ ಕಬ್ಬಿಣ ಹೈಡ್ರಾಕ್ಸೈಡ್ ಆಗಿ, ಎಂದರೆ ತುಕ್ಕಿನ ರೂಪದಲ್ಲಿ, ಕಾಗದದ ನಾರಿನೊಳಗೆ ಕಚ್ಚಿ ಕೂಡುತ್ತದೆ. ವ್ಯಾನ್ ಡೈಕ್ ಮುದ್ರಣವನ್ನು ನಲ್ಲಿಯ ನೀರಿಗೆ ನೇರವಾಗಿ ಹಾಕಿದಾಗ ನಾನು ಮಾಡಿದ್ದು ಇದನ್ನೇ. ಆ ಕ್ಷಣದಲ್ಲಿ ಏನೂ ಕಾಣಿಸುವುದಿಲ್ಲ. ತಟ್ಟೆಯಲ್ಲಿ ಹಳದಿ ನೀರು ಹರಿದು ಹೋಗುತ್ತದೆ, ನೀರು ತಿಳಿಯಾಗುತ್ತದೆ, ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ಆದ ಹೈಪೊದಲ್ಲಿ ಅದ್ದಿದೊಡನೆ ಕೆಂಪು ಮಿಶ್ರಿತ ಕಂದು ಬಣ್ಣ ಗಾಢವಾಗಿ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಕೆಲಸ ಚೆನ್ನಾಯಿತೆಂದು ನಾವು ಒಣಗಹಾಕುತ್ತೇವೆ. ಒಳಗೆ ಉಳಿದ ಕಬ್ಬಿಣ ಮಾತ್ರ ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ಕಡೆ ಬಿಳಿಯನ್ನು ಹಳದಿ ಮಾಡುತ್ತ, ಇನ್ನೊಂದು ಕಡೆ ಬೆಳ್ಳಿಯನ್ನು ತಿನ್ನುತ್ತ ಇರುತ್ತದೆ.

ಮೊದಲು ನನ್ನ ಅನುಮಾನ ಹೈಪೊದ ಮೇಲಿತ್ತು. ಸರಿಯಾಗಿ ತೊಳೆಯದೆ ಹೈಪೊ ಉಳಿದಿರಬೇಕೆಂದು ಭಾವಿಸಿ ಒಂದು ತಿಂಗಳು ಮುದ್ರಣಗಳನ್ನು ಒಂದೊಂದು ಗಂಟೆ ತೊಳೆದೆ, ಹಳದಿ ಹೋಗಲಿಲ್ಲ. ಆಮೇಲೆ ಒಂದೇ ಹಾಳೆಯನ್ನು 3 ಪಟ್ಟಿ ಮಾಡಿ, ಒಂದನ್ನು ನಲ್ಲಿಯ ನೀರಿನಲ್ಲಿ, ಇನ್ನೊಂದನ್ನು ಓಣಿಯ ಆರ್‌ಒ ಘಟಕದಿಂದ ತಂದ ಕ್ಯಾನಿನ ನೀರಿಗೆ ಲೀಟರಿಗೆ 5 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಮೂರನೆಯದನ್ನು ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿಗೆ ಅಷ್ಟೇ ಆಮ್ಲ ಬೆರೆಸಿ ತೊಳೆದೆ. ಮೂರನ್ನೂ ದಕ್ಷಿಣದ ಕಿಟಕಿಗೆ ಅಂಟಿಸಿ ಐದು ವಾರ ಬಿಟ್ಟೆ. ಮೊದಲನೆಯ ಪಟ್ಟಿಯ ಖಾಲಿ ಅಂಚು ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಉಳಿದೆರಡರ ಅಂಚುಗಳನ್ನು ಹೊಸ ಕಾಗದದ ಪಕ್ಕ ಇಟ್ಟರೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಫಿಕ್ಸರಿಗೆ ಹೋಗುವ ಮೊದಲಿನ ಮೂರು ತೊಳೆತಗಳು ಆಮ್ಲ ಬೆರೆಸಿದ ಮೃದುವಾದ ನೀರಿನಲ್ಲೇ ಆಗಬೇಕು. ಕಬ್ಬಿಣ ಹೊರಹೋದ ಮೇಲೆ ಹೈಪೊ ತೊಳೆಯಲು ನಲ್ಲಿಯ ನೀರು ಸಾಕು, ಅದರಿಂದ ತೊಂದರೆಯಿಲ್ಲ.

ಸಯನೋಟೈಪಿಗೂ ಈ ನೀರು ಶತ್ರುವೇ. ಕ್ಷಾರ ಪ್ರಷ್ಯನ್ ನೀಲಿಯನ್ನೇ ಒಡೆಯುತ್ತದೆ. ನಲ್ಲಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟ ಮುದ್ರಣದಲ್ಲಿ ಮೊದಲು ತೆಳು ನೀಲಿಗಳು, ಎಂದರೆ ಆಕಾಶ ಮತ್ತು ಬಿಸಿಲು ಬಿದ್ದ ಗೋಡೆ, ನಮ್ಮ ಕಣ್ಣೆದುರಿಗೇ ಕರಗಿಹೋಗುತ್ತವೆ. ಆದರೆ ನನ್ನ ಪಾಲಿಗೆ ಇದರ ದೊಡ್ಡ ಗುಣವೂ ಅದೇ: ತಪ್ಪು ಆ ತಟ್ಟೆಯಲ್ಲೇ, ಆ ದಿನವೇ ತಿಳಿಯುತ್ತದೆ. ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿದ ಕ್ಯಾನಿನ ನೀರಿನಲ್ಲಿ ಎರಡು ಬಾರಿ, ಬರಿಯ ಕ್ಯಾನಿನ ನೀರಿನಲ್ಲಿ ಹತ್ತು ನಿಮಿಷ ತೊಳೆದರೆ ಮುಗಿಯಿತು, ಫಿಕ್ಸರಿನ ಅಗತ್ಯವೇ ಇಲ್ಲ. ಗೋಡೆಗೆ ಹಾಕಿದ ಮೇಲೆ ಐದು ತಿಂಗಳಿಗೆ ಮೋಸವಾಗುವ ಭಯ ನನಗೆ ಇದರಲ್ಲಿಲ್ಲ. ಬಿಸಿಲಿಗೆ ಸ್ವಲ್ಪ ಮಾಸಿದರೂ ಕೆಲವು ದಿನ ಕತ್ತಲಲ್ಲಿಟ್ಟರೆ ಬಣ್ಣ ಮರಳುತ್ತದೆ. ಮಾಸಿದ ಬೆಳ್ಳಿ ಹಾಗೆ ಮರಳುವುದಿಲ್ಲ.

ಸುಣ್ಣ ನೀರಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಇದೆ ಎಂಬುದು ತಿಳಿದದ್ದು ದುಬಾರಿ ಕಾಗದ ಕೊಂಡ ಮೇಲೆ. ಆ್ಯಸಿಡ್‌ಫ್ರೀ ಎಂದು ಬರೆದಿದ್ದ ಜಲವರ್ಣದ ಕಾಗದವನ್ನು ಹೆಚ್ಚು ಬೆಲೆ ಕೊಟ್ಟು ತರಿಸಿದೆ. ಹೆಚ್ಚು ಕಾಲ ಬಾಳಲೆಂದು ಅಂಥ ಕಾಗದಗಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ, ಅದು ಎರಡೂ ಲೇಪಗಳನ್ನು ಕೆಡಿಸುತ್ತದೆ. ಹಾಳೆಯನ್ನು ಸಿಟ್ರಿಕ್ ಆಮ್ಲದಲ್ಲಿ ನೆನೆಹಾಕಿದಾಗ ಮೇಲೆದ್ದ ಸಣ್ಣ ಸಣ್ಣ ಗುಳ್ಳೆಗಳನ್ನು ನೋಡಿದ ಮೇಲೆ ನನಗೆ ನಂಬಿಕೆ ಬಂತು. ಗುಳ್ಳೆ ನಿಲ್ಲುವವರೆಗೆ ನೆನೆಸಿ, ಮೃದು ನೀರಿನಲ್ಲಿ ಜಾಲಿಸಿ, ಒಣಗಿಸಿ ಬಳಸಿದರೆ ಆ ಕಾಗದವೂ ನಡೆಯುತ್ತದೆ. ಈಗ ನಾನು ಹತ್ತಿಯ ಕೈಕಾಗದವನ್ನೇ ತರಿಸುತ್ತೇನೆ, ಪ್ರತಿ ಹೊಸ ಕಟ್ಟಿನಿಂದ ಒಂದು ತುಂಡನ್ನು ಮೊದಲು ಪರೀಕ್ಷಿಸುತ್ತೇನೆ.

ಖರ್ಚಿನ ಮಾತು. ವ್ಯಾನ್ ಡೈಕಿನ 100 ಮಿ.ಲೀ. ದ್ರಾವಣಕ್ಕೆ 9 ಗ್ರಾಂ ಸಿಟ್ರೇಟ್, 1.5 ಗ್ರಾಂ ಟಾರ್ಟಾರಿಕ್ ಆಮ್ಲ, 3.8 ಗ್ರಾಂ ಸಿಲ್ವರ್ ನೈಟ್ರೇಟ್ ಬೇಕು. ಒಂದು 4×5 ಮುದ್ರಣಕ್ಕೆ ಒಂದೂವರೆ ಮಿ.ಲೀ. ಸಾಕಾಗುವುದರಿಂದ ಲೆಕ್ಕ ಹಾಕಿದರೆ ಬೆಳ್ಳಿಯ ಖರ್ಚು ಜನ ಹೆದರುವಷ್ಟು ದೊಡ್ಡದಲ್ಲ. ಕೈಗೆ ಭಾರವಾಗುವುದು ಒಮ್ಮೆಲೇ ಒಂದು ಬಾಟಲಿಗೆ ತೆರಬೇಕಾದ ಹಣ, ಮತ್ತು ತಪ್ಪಿನ ಬೆಲೆ. ನಾನು ಮೊದಲ ಬಾರಿ ಸಿಲ್ವರ್ ನೈಟ್ರೇಟನ್ನು ಆರ್‌ಒ ನೀರಿನಲ್ಲಿ ಕರಗಿಸಿದೆ; ನೀರಿನಲ್ಲಿ ಉಳಿದಿದ್ದ ಅಲ್ಪ ಕ್ಲೋರೈಡಿಗೇ ದ್ರಾವಣ ಹಾಲು ಬೆರೆಸಿದಂತಾಯಿತು. ಸೋಸಿದರೂ ಹೋಗದ ಕಣಗಳು ಬಿಸಿಲಿಗೆ ಕಪ್ಪಾಗಿ, ಚಿತ್ರದ ಆಕಾಶದ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕೆಗಳಾದವು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಒಂದೇ ದಾರಿ. ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪು ಮಾಡುತ್ತದೆ, ಕಣ್ಣಿಗೆ ಅಪಾಯ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಸಯನೋಟೈಪಿನ ಎರಡು ದ್ರಾವಣಗಳು ಅಗ್ಗ, ಬೇರೆ ಬೇರೆ ಕಂದು ಬಾಟಲಿಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಮಳೆಗಾಲದಲ್ಲಿ ಸಿಟ್ರೇಟಿನ ಮೇಲೆ ಬೂಷ್ಟು ಕಟ್ಟುತ್ತದೆ, ಸೋಸಿಕೊಂಡರಾಯಿತು. ಫೆರಿಸಯನೈಡನ್ನು ಮಾತ್ರ ತೀಕ್ಷ್ಣ ಆಮ್ಲದ ಹತ್ತಿರ ತರಬಾರದು.

ನೆಗೆಟಿವಿನ ವಿಷಯದಲ್ಲಿ ಕಂದು ಹೆಚ್ಚು ಬೇಡುತ್ತದೆ. ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಎನ್‌ಲಾರ್ಜರಿಗೆಂದು ತೊಳೆದ ಸಾಮಾನ್ಯ ನೆಗೆಟಿವಿನಿಂದ ಅದರಲ್ಲಿ ಮಂಕು ಚಿತ್ರವೇ ಬರುತ್ತದೆ; ಫಿಲ್ಮನ್ನು ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಟ್ಟು ಕಾಂಟ್ರಾಸ್ಟ್ ಏರಿಸಿಕೊಳ್ಳಬೇಕು. ಪ್ರಯೋಗಕ್ಕೆ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್ ಅಗ್ಗವಾಗಿ ಸಿಗುತ್ತದೆ, ಕೆಂಪು ದೀಪದಲ್ಲಿ ನೋಡುತ್ತಲೇ ಡೆವಲಪ್ ಮಾಡಬಹುದು, ಆದರೆ ಎರಡೂ ಮೈಗೆ ಎಮಲ್ಷನ್, ಎಂದರೆ ಬೆಳಕಿಗೆ ಸ್ಪಂದಿಸುವ ಲೇಪ, ಇರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ.

ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ. ಏಪ್ರಿಲ್‌ನಲ್ಲಿ ಬೆಳಗಿನ 9 ಗಂಟೆಗೆ ನನ್ನ ಮಾಳಿಗೆಯ ಮೇಲೆ ವ್ಯಾನ್ ಡೈಕ್ 3 ನಿಮಿಷ, ಸಯನೋಟೈಪ್ 8 ನಿಮಿಷ ಕೇಳುತ್ತದೆ. ನಡುಹಗಲಲ್ಲಿ ಲೇಪ ಹಚ್ಚಬೇಡಿ. ಎರಡನೆಯ ಸಲ ಬ್ರಷ್ ಎಳೆಯುವಷ್ಟರಲ್ಲಿ ಮೊದಲನೆಯದು ಒಣಗಿ ಗೆರೆ ಕಾಣುತ್ತದೆ.

ಬಣ್ಣದಲ್ಲಿ ಕಂದೇ ಮೇಲು ಎಂಬುದನ್ನು ಒಪ್ಪುತ್ತೇನೆ. 1422ರಲ್ಲಿ ತೀರಿಕೊಂಡ ಸುಲ್ತಾನ ಫಿರೋಜ್ ಶಾ ಬಹಮನಿಗೆ ಹಫ್ತ್ ಗುಂಬಜಿನಲ್ಲಿರುವ ಜೋಡಿ ಗೋರಿಯ ಮೇಲಿರುವ ಗಾರೆಯ ಕುಸುರಿಯನ್ನು ನೀಲಿಯಲ್ಲಿ ನೋಡಿದವರು ಮೊದಲು ಕೇಳುವುದೇ ಇದು ರಾತ್ರಿ ತೆಗೆದದ್ದೇ ಎಂದು. ಅದಕ್ಕೆ ನಾನು ಕಂಡುಕೊಂಡ ದಾರಿಯೊಂದಿದೆ: ಮುದ್ರಣವನ್ನು ವಾಷಿಂಗ್ ಸೋಡಾದ ತೆಳು ನೀರಿನಲ್ಲಿ ಅದ್ದಿ ನೀಲಿ ಅರ್ಧ ಹೋದಾಗ ತೆಗೆದು, ಚೆನ್ನಾಗಿ ಜಾಲಿಸಿ, ಹಾಲು ಸಕ್ಕರೆಯಿಲ್ಲದ ಗಟ್ಟಿ ಚಹಾದಲ್ಲಿ ಒಂದು ಗಂಟೆ ಬಿಟ್ಟರೆ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪುಗಂದು ಬಣ್ಣ ಬರುತ್ತದೆ. ಬಿಳಿ ಭಾಗಕ್ಕೂ ಚಹಾದ ಛಾಯೆ ಹತ್ತುತ್ತದೆ; ಹಳೆಯ ಕಟ್ಟಡದ ಚಿತ್ರಕ್ಕೆ ಅದು ನನಗೆ ಒಪ್ಪಿಗೆ, ಮುಖದ ಚಿತ್ರಕ್ಕೆ ಒಪ್ಪಿಗೆಯಿಲ್ಲ.

 

ನಾನು ಕೆಲಸ ಮಾಡುವುದು ಭಾನುವಾರ ಮಾತ್ರ, ಒಬ್ಬನೇ, ಬಾಡಿಗೆ ಮನೆಯ ಮಾಳಿಗೆಯ ಮೇಲೆ. ವ್ಯಾನ್ ಡೈಕಿನ ಕೊನೆಯ ತೊಳೆತಕ್ಕೆ ನಲವತ್ತು ನಿಮಿಷ ನಲ್ಲಿ ಬಿಡಬೇಕು; ಮೇ ತಿಂಗಳಲ್ಲಿ ನೀರು ಬರುವ ದಿನವನ್ನು ಕಾಯುವ ಮನೆಯವರ ಎದುರು ಅದನ್ನು ಮಾಡಲು ನನ್ನಿಂದಾಗುವುದಿಲ್ಲ. ಬಿಸಿಲಿರುವಾಗ ನೀರಿಲ್ಲ, ಮೃದುವಾದ ಮಳೆನೀರು ಬರುವಾಗ ಬಿಸಿಲಿಲ್ಲ. ಆದ್ದರಿಂದ ಈ ವರ್ಷ 200 ಲೀಟರಿನ ಡ್ರಮ್ಮೊಂದರಲ್ಲಿ ಮಳೆನೀರು ತುಂಬಿ ಮುಚ್ಚಿಟ್ಟಿದ್ದೇನೆ. ಮಳೆ ನಿಂತು ಆಕಾಶ ತೊಳೆದಂತಿರುವ ಅಕ್ಟೋಬರಿನ ಮೂರ್ನಾಲ್ಕು ಭಾನುವಾರಗಳನ್ನು ಮಾತ್ರ ವ್ಯಾನ್ ಡೈಕಿಗೆ ಕೊಡುತ್ತೇನೆ. ಉಳಿದ ಭಾನುವಾರಗಳೆಲ್ಲ ನೀಲಿಗೆ. ಮಾಸಿದ ಆ ಹಫ್ತ್ ಗುಂಬಜಿನ ನೆಗೆಟಿವ್ ಕವರಿನಲ್ಲಿ ಭದ್ರವಾಗಿದೆ, ಡ್ರಮ್ಮಿನ ನೀರಿನಿಂದ ಮೊದಲು ತೊಳೆಯುವುದು ಅದರ ಹೊಸ ಮುದ್ರಣವನ್ನೇ.