ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿಗೆ ಟೋಕನ್ ಕೊಡುವ ಮುಂಚೆ ಇಂಜಿನ್ ಓಡಿದ ಗಂಟೆ ಕೇಳಿ

2023ರ ಮಾರ್ಚ್‌ನಲ್ಲಿ ನಾನು ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ಎಸ್ ಕೊಂಡೆ. 2008ರ ಮಾಡೆಲ್, ಮ್ಯಾನ್ಯುಯಲ್ ಗೇರು, ದೆಹಲಿ ನಂಬರು. ಮೀಟರ್‌ನಲ್ಲಿ 31,000 ಕಿಲೋಮೀಟರ್ ಇತ್ತು. ಕಾರು ನಿಜವಾಗಿ ಓಡಿದ್ದು ಅದರ ಎರಡರಷ್ಟು. ಅದು ಗೊತ್ತಾಗುವ ಹೊತ್ತಿಗೆ 27 ಲಕ್ಷ ಕೊಟ್ಟಾಗಿತ್ತು. ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ವಿಷಯ ಗ್ರಾಹಕರ ಆಯೋಗದ ಮುಂದಿದೆ. ಆದರೆ ಏನೇನಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಇಂಥ ಕಾರಿನ ಆಸೆ ಇಟ್ಟುಕೊಂಡು ವರ್ಷಗಟ್ಟಲೆ ದುಡ್ಡು ಕೂಡಿಸುತ್ತಿರುವವರು ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ.

ಈ ಕಾರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಎರಡೇ ಸೀಟು. ಸೀಟಿನ ಬೆನ್ನಿಗೇ ಇಂಜಿನ್. 3.4 ಲೀಟರಿನ ಆರು ಸಿಲಿಂಡರು, ಮೂರು ಈ ಕಡೆ, ಮೂರು ಆ ಕಡೆ, ಮಲಗಿಸಿದ ಹಾಗೆ. ಬಾನೆಟ್ ಎತ್ತಿದರೆ ಕಾಣುವುದು ಸೂಟ್‌ಕೇಸ್ ಇಡುವ ಜಾಗ. ಹಿಂದಿನ ಡಿಕ್ಕಿ ತೆಗೆದರೆ ಆಯಿಲ್ ಮತ್ತು ಕೂಲಂಟ್ ಹಾಕುವ ಮುಚ್ಚಳಗಳು, ಅಷ್ಟೇ. ಆಯಿಲ್ ನೋಡಲು ಡಿಪ್‌ಸ್ಟಿಕ್ ಕೂಡ ಇಲ್ಲ, ಮೀಟರ್ ಬೋರ್ಡ್‌ನಲ್ಲೇ ತೋರಿಸುತ್ತದೆ. ಮಾರುತಿ ಕಾರು ಕೊಳ್ಳುವಾಗ ನಾವೆಲ್ಲ ಮಾಡುವ ಹಾಗೆ ಬಾನೆಟ್ ಎತ್ತಿ, ಕಡ್ಡಿ ಎಳೆದು, ಎಲ್ಲಾದರೂ ಸೋರಿದೆಯಾ ಅಂತ ಬಗ್ಗಿ ನೋಡುವ ಅವಕಾಶವೇ ಇಲ್ಲ. ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಬೇಕು. ನಾನು ಏರಿಸಲಿಲ್ಲ.

ಅಂಗಡಿಗೆ ಹೋದಾಗ ಬೆಳಗ್ಗೆ ಹನ್ನೊಂದು ಗಂಟೆ. ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದ್ದರು. ಪಾಲಿಶ್ ಹೊಡೆದು ಕನ್ನಡಿ ಹಾಗೆ ಮಾಡಿದ್ದರು. ಹಿಂದೆ ಹೋಗಿ ನಿಂತರೆ ಸೈಲೆನ್ಸರ್‌ನಿಂದ ಬಿಸಿ ಹೊಡೆಯುತ್ತಿತ್ತು. "ಈಗ ತಾನೇ ವಾಶ್ ಮಾಡಿಸ್ಕೊಂಡು ಬಂದ್ವಿ ಸರ್" ಅಂದರು. ನಾನು ಒಪ್ಪಿಕೊಂಡೆ. ಆ ಬಿಸಿಯೇ ಮೊದಲ ಸುಳಿವಾಗಿತ್ತು. ಇಂಜಿನ್ ಏನಾದರೂ ತೊಂದರೆ ಹೇಳುವುದಿದ್ದರೆ ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ, ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೇಳುತ್ತದೆ. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಬಹಳಷ್ಟನ್ನು ಮುಚ್ಚಿಡುತ್ತದೆ. ದಯವಿಟ್ಟು ಬಿಸಿಯಾಗಿರುವ ಕಾರನ್ನು ನೋಡಿ ಮಾತು ಮುಗಿಸಬೇಡಿ. "ನಾಳೆ ಬೆಳಗ್ಗೆ ಬರ್ತೀನಿ, ಅಲ್ಲಿವರೆಗೂ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿ ಬನ್ನಿ. ಹೋದ ತಕ್ಷಣ ಸೈಲೆನ್ಸರ್ ಮುಟ್ಟಿ ನೋಡಿ.

ಟೆಸ್ಟ್ ಡ್ರೈವ್ ಅಂದರೆ ಇಪ್ಪತ್ತು ನಿಮಿಷ. ಕಾರು ಎಳೆದ ರೀತಿಗೆ ನನಗೆ ಮಾತೇ ಹೊರಡಲಿಲ್ಲ. ವಾಪಸ್ ಬಂದಾಗ ಅಂಗಡಿಯವರು ಫೋನಿನಲ್ಲಿ ಯಾರಿಗೋ "ಇಲ್ಲ ಸರ್, ಇನ್ನೊಬ್ರು ನೋಡ್ತಾ ಇದ್ದಾರೆ, ಸಂಜೆ ಹೇಳ್ತೀನಿ" ಅನ್ನುತ್ತಿದ್ದರು. ಆಚೆ ಕಡೆ ನಿಜವಾಗಿ ಯಾರಾದರೂ ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನನ್ನ ಎದೆ ಧಸಕ್ ಅಂದಿದ್ದು ನಿಜ. ಮನೆಗೆ ಫೋನ್ ಮಾಡಿದೆ. "ರೀ, ಒಂದ್ಸಲ ಬೇರೆಯವರ ಹತ್ರ ತೋರಿಸಿ ಆಮೇಲೆ ದುಡ್ಡು ಕೊಡಿ" ಅಂದಳು ನನ್ನ ಹೆಂಡತಿ. ಟೈಮ್ ಇಲ್ಲ ಅಂದೆ. ಹೊರಗಿನ ಗ್ಯಾರೇಜಿಗೆ ಕಾರು ಕೊಡ್ತೀರಾ ಅಂತ ಅಂಗಡಿಯವರನ್ನು ಕೇಳಿದ್ದಕ್ಕೆ "ಟೋಕನ್ ಕೊಟ್ಟರೆ ಕೊಡ್ತೀವಿ ಸರ್, ಇಲ್ಲದಿದ್ರೆ ಎಲ್ಲರಿಗೂ ಕೊಡೋಕಾಗಲ್ಲ" ಅಂದರು. 2 ಲಕ್ಷ ಟೋಕನ್ ಹಾಕಿದೆ. ಹಾಕಿದ ಮೇಲೆ ರಸೀದಿ ಬಂತು. ಅದರಲ್ಲಿ ಸಣ್ಣಕ್ಷರದಲ್ಲಿ ಟೋಕನ್ ವಾಪಸ್ ಇಲ್ಲ ಅಂತ ಇತ್ತು. ಆಮೇಲೆ ತಪಾಸಣೆ ಮಾಡಿಸಿ ಏನು ಪ್ರಯೋಜನ ಅಂದುಕೊಂಡು ಸುಮ್ನಾದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ. ಆ 2 ಲಕ್ಷ ಬಿಟ್ಟಿದ್ದರೂ ನಾನು ಇವತ್ತು ಗೆದ್ದಿರುತ್ತಿದ್ದೆ.

ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಇಂಜಿನ್ ತಡವರಿಸಲು ಶುರುವಾಯಿತು. ಸ್ಟಾರ್ಟ್ ಆದ ಒಂದೆರಡು ನಿಮಿಷ ಗಾಡಿ ಪೂರ್ತಿ ನಡುಗುತ್ತಿತ್ತು. ಬಿಸಿಯಾದ ಮೇಲೆ ಸರಿ ಹೋಗುತ್ತಿತ್ತು. ಒಂದು ದಿನ ಇಂಜಿನ್ ಲೈಟ್ ಹತ್ತಿಕೊಂಡಿತು. ಗೆಳೆಯರೊಬ್ಬರು ಹೇಳಿದ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಜರ್ಮನ್ ಕಾರುಗಳನ್ನೇ ಹದಿನೈದು ವರ್ಷದಿಂದ ಬಿಚ್ಚಿ ಜೋಡಿಸಿದ ಅಣ್ಣ ಅವರು. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದರು. ಕಾರಿನ ಕಂಪ್ಯೂಟರ್ ಓದುವ ಡ್ಯೂರಾಮೆಟ್ರಿಕ್ ಅನ್ನುವ ಸಾಫ್ಟ್‌ವೇರ್. ಪೋರ್ಷೆ ವರ್ಕ್‌ಶಾಪ್‌ಗಳಲ್ಲಿ ಕಂಪನಿಯದೇ ಪಿವಿಸ್ ಇರುತ್ತದೆ, ಹೊರಗಿನವರು ಸಾಮಾನ್ಯವಾಗಿ ಇದನ್ನು ಇಟ್ಟುಕೊಂಡಿರುತ್ತಾರೆ. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ, "ಸರ್, ಮೀಟರ್ ಎಷ್ಟು ತೋರಿಸ್ತಿದೆ?" ಅಂತ ಕೇಳಿದರು. 31,600 ಅಂದೆ. ಅವರು ಏನೂ ಹೇಳದೆ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು.

ಇಂಜಿನ್ ಓಡಿದ ಒಟ್ಟು ಗಂಟೆ: 2,310.

ಈ ಲೆಕ್ಕವನ್ನು ನೀವೂ ಹಾಕಿ ನೋಡಿ. 31,600 ಕಿಲೋಮೀಟರನ್ನು 2,310 ಗಂಟೆಯಿಂದ ಭಾಗಿಸಿದರೆ ಗಂಟೆಗೆ 14 ಕಿಲೋಮೀಟರ್ ಕೂಡ ಬರುವುದಿಲ್ಲ. ಸೈಕಲ್ ಇದಕ್ಕಿಂತ ಜೋರಾಗಿ ಹೋಗುತ್ತದೆ. ಊರೊಳಗೂ ಹೈವೇಯಲ್ಲೂ ಓಡಾಡಿದ ಕಾರಿಗೆ ಸರಾಸರಿ 30ರ ಹತ್ತಿರವಾದರೂ ಬರಬೇಕು ಅಂತ ಅಣ್ಣನ ಅನುಭವ. ಆ ಲೆಕ್ಕದಲ್ಲಿ ನನ್ನ ಕಾರು ಓಡಿರುವುದು 65-70 ಸಾವಿರ. ಮೀಟರ್ ಬೋರ್ಡ್‌ನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಇವತ್ತು ಅರ್ಧ ಗಂಟೆಯ ಕೆಲಸ. ಆದರೆ ಇಂಜಿನ್ ನಡೆಸುವ ಕಂಪ್ಯೂಟರ್ ಬೇರೆ. ಅದು ತನ್ನ ಪಾಡಿಗೆ ಗಂಟೆ ಎಣಿಸುತ್ತಾ ಇರುತ್ತದೆ. ತಿರುಗಿಸಿದವರು ಅಲ್ಲಿಗೆ ಕೈ ಹಾಕಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಕಂಪ್ಯೂಟರ್ ಇನ್ನೊಂದು ಲೆಕ್ಕವನ್ನೂ ಇಟ್ಟಿರುತ್ತದೆ. ಇಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿದೆ, ಕೊನೆಯ ಸಲ ಎಷ್ಟನೇ ಗಂಟೆಯಲ್ಲಿ ತಿರುಗಿದೆ ಅನ್ನುವ ಲೆಕ್ಕ. ಇದಕ್ಕೆ ಓವರ್ ರೆವ್ ಅನ್ನುತ್ತಾರೆ. ಆಕ್ಸಿಲರೇಟರ್ ತುಳಿದು ಕೆಂಪು ಗೆರೆಗೆ ಹೋದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಇಂಜಿನ್ ಕಾಯುತ್ತದೆ. ಅದರಿಂದ ಅಷ್ಟೇನೂ ಹಾನಿ ಇಲ್ಲ. ಆದರೆ ಜೋರಾಗಿ ಹೋಗುವಾಗ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಬಿದ್ದರೆ ಕಥೆ ಬೇರೆ. ಆಗ ಇಂಜಿನ್ನನ್ನು ತಿರುಗಿಸುವುದು ಪೆಟ್ರೋಲ್ ಅಲ್ಲ, ಚಕ್ರಗಳು. ಕಂಪ್ಯೂಟರ್ ಏನೂ ಮಾಡಲಾರದು, ಬರೆದಿಡುತ್ತದೆ ಅಷ್ಟೇ. ವಾಲ್ವ್ ಬಾಗುವುದು ಹೀಗೆ. ನನ್ನ ಕಾರಿನಲ್ಲಿ ಅಂಥದ್ದು ಕೊನೆಯ ಸಲ ಆಗಿದ್ದು 2,284ನೇ ಗಂಟೆಯಲ್ಲಿ. ಅಂದರೆ ಆ ದಿನಕ್ಕೆ 26 ಗಂಟೆ ಓಟದ ಹಿಂದೆ. ನನ್ನ ಕೈಗೆ ಬಂದ ಮೇಲೆ ಕಾರು ಓಡಿದ್ದು ಹೆಚ್ಚೆಂದರೆ 18 ಗಂಟೆ. ನಾನು ಕೊಳ್ಳುವ ಸ್ವಲ್ಪ ಮುಂಚೆ ಯಾರೋ ಅದನ್ನು ಹಿಂಡಿದ್ದಾರೆ. ಆಮೇಲೆ ಸಿಲಿಂಡರ್‌ಗಳ ಕಂಪ್ರೆಶನ್, ಅಂದರೆ ಒಳಗೆ ಹುಟ್ಟುವ ಒತ್ತಡ, ನೋಡಿದರು. ಐದು ಸರಿ ಇದ್ದವು, ಒಂದು ತೀರಾ ಕಡಿಮೆ. ಇಂಜಿನ್ ಇಳಿಸಬೇಕು ಅಂದರು. ಎಸ್ಟಿಮೇಟ್ 9 ಲಕ್ಷ.

ಆ ಲ್ಯಾಪ್‌ಟಾಪ್ ಕೆಲಸಕ್ಕೆ ಅಣ್ಣ ತೆಗೆದುಕೊಂಡಿದ್ದು 3,500 ರೂಪಾಯಿ. ಇದನ್ನು ನಾನು ಮಾರ್ಚ್‌ನಲ್ಲೇ ಕೊಡಬಹುದಿತ್ತು.

ಕಾರು ಲಿಫ್ಟ್ ಮೇಲಿಂದ ಇಳಿದ ಮೇಲೆ ಅವರು ಮುಂದಿನ ಬಾನೆಟ್ ಎತ್ತಿ ಒಳಮೈ ಮೇಲೆ ಟಾರ್ಚ್ ಬಿಟ್ಟರು. ಅಲ್ಲಿ ಒಂದು ಬಿಳಿ ಸ್ಟಿಕರ್ ಇರಬೇಕು. ಚಾಸಿ ನಂಬರು, ಬಣ್ಣದ ಕೋಡು, ಫ್ಯಾಕ್ಟರಿಯಲ್ಲಿ ಹಾಕಿದ ಆಪ್ಷನ್‌ಗಳ ಪಟ್ಟಿ ಎಲ್ಲ ಅದರಲ್ಲಿ ಇರುತ್ತದೆ. ಅದರ ಜೋಡಿ ಸರ್ವಿಸ್ ಪುಸ್ತಕದಲ್ಲೂ ಇರುತ್ತದೆ. ನನ್ನ ಕಾರಿನಲ್ಲಿ ಪುಸ್ತಕದಲ್ಲಿ ಇತ್ತು, ಬಾನೆಟ್‌ನಲ್ಲಿ ಇರಲಿಲ್ಲ. ಅಂಟಿನ ಗುರುತು ಕೂಡ ಇಲ್ಲ, ನುಣ್ಣಗೆ ಹೊಸ ಪೇಂಟು. ಬಾನೆಟ್ ಬದಲಾಗಿದೆ, ಮುಂಭಾಗಕ್ಕೆ ಪೆಟ್ಟು ಬಿದ್ದಿದೆ ಅಂತ ಅವರು ಅಲ್ಲೇ ಹೇಳಿದರು. ಹಳೆಯ ಓನರ್‌ನ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿದೆ. ನೋ ಕ್ಲೇಮ್ ಬೋನಸ್ ಸೊನ್ನೆ. ಐದು ವರ್ಷ ಕ್ಲೇಮ್ ಇಲ್ಲದೆ ಓಡಿಸಿದವರಿಗೆ ಅದು 50 ಪರ್ಸೆಂಟ್ ಇರುತ್ತದೆ. "ವೀಕೆಂಡ್ ಮಾತ್ರ ತೆಗೀತಿದ್ರು ಸರ್, ಒಂದು ಗೀರಿಲ್ಲ" ಅಂತ ಅಂಗಡಿಯವರು ಅಂದಿದ್ದರು. ಆ ಪಾಲಿಸಿ ಕಾಪಿಯನ್ನು ಅವರೇ ನನಗೆ ವಾಟ್ಸಾಪ್ ಮಾಡಿದ್ದರು. ನಾನು ಕೊನೆಯ ತಾರೀಕು ನೋಡಿ ಬಿಟ್ಟಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಾರಿನ ಪುಸ್ತಕಗಳ ಚರ್ಮದ ಪೌಚ್ ತಂದು ಒಂದೊಂದೇ ಪುಟ ತಿರುಗಿಸಿದೆ. ಆಡಿಯೋ ಸಿಸ್ಟಮ್ ಪುಸ್ತಕದ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ಸಿಕ್ಕಿತು. ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಪ್ರಿಂಟ್ ಕೊಡುತ್ತಾರಲ್ಲ, ಹಸಿರು-ಕೆಂಪು ಅಂಕಿಗಳದ್ದು, ಅದು. ತಾರೀಕು 2019. ಮೂಲೆಯಲ್ಲಿ ಕಾರಿನ ನಂಬರು, ಅದರ ಕೆಳಗೆ ಕಿಲೋಮೀಟರ್ 52,870. ಮೀಟರ್ ತಿರುಗಿಸಿದವರು ಸರ್ವಿಸ್ ಬಿಲ್ಲುಗಳನ್ನೆಲ್ಲ ತೆಗೆದು ಹಾಕಿದ್ದರು. ಇದೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕಾರು ಕೊಂಡ ದಿನ ಅದೇ ಪೌಚ್ ನನ್ನ ತೊಡೆಯ ಮೇಲೆ ಇತ್ತು.

ಇನ್ನು ಕಾಗದ ಪತ್ರದ ವಿಷಯ. ಇಂಜಿನ್ನಿಗಿಂತ ಇದೇ ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು. ದೆಹಲಿ ಕಾರುಗಳು ಯಾಕೆ ಅಗ್ಗ ಅಂತ ಮೊದಲು ತಿಳಿದುಕೊಳ್ಳಿ. ನಾನು ಕೊಂಡಾಗ ಇದ್ದ ನಿಯಮದ ಪ್ರಕಾರ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಅಲ್ಲಿ ಓಡಿಸುವ ಹಾಗಿರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿ ಹಿಡಿದಿತ್ತು. ನನ್ನ ಕಾರಿಗೆ 2023ರ ನವೆಂಬರ್‌ಗೆ 15 ತುಂಬುತ್ತಿತ್ತು. ಅದಕ್ಕೇ ಅಲ್ಲಿಂದ ಸಾಗಿಸಿದ್ದರು. "ಎನ್‌ಒಸಿ ಎರಡು ವಾರದಲ್ಲಿ ಬರುತ್ತೆ ಸರ್" ಅಂದಿದ್ದರು. ಎನ್‌ಒಸಿ ಅಂದರೆ ಕಾರನ್ನು ಬೇರೆ ರಾಜ್ಯಕ್ಕೆ ಒಯ್ಯಲು ಹಳೆಯ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ. ಅದು ಬಂದಿದ್ದು ಅಕ್ಟೋಬರ್‌ನಲ್ಲಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಇನ್ನೂ ಹಾಗೇ ಇತ್ತು. ಹಳೆಯ ಓನರ್ ಸಾಲ ತೀರಿಸಿದ್ದರೂ ಫಾರಂ 35 ಕೊಟ್ಟು ಅದನ್ನು ತೆಗೆಸಿರಲಿಲ್ಲ. ಅಲ್ಲಿವರೆಗೂ ಎನ್‌ಒಸಿ ಕೊಡುವ ಫಾರಂ 28 ಮುಂದಕ್ಕೇ ಹೋಗಲಿಲ್ಲ. ಇದನ್ನು ನೋಡಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಸಾಕಿತ್ತು, ಒಂದು ನಿಮಿಷದ ಕೆಲಸ.

"12 ತಿಂಗಳು ಹಾಗೇ ಓಡಿಸಿ ಸರ್, ಏನೂ ಆಗಲ್ಲ" ಅಂತ ಎಲ್ಲ ಕಡೆ ಹೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್‌ನಲ್ಲಿ 12 ತಿಂಗಳ ಮಾತು ಇರುವುದು ನಿಜ. ಆದರೆ ಅದು ಹೊಸ ನಂಬರ್ ತೆಗೆದುಕೊಳ್ಳುವ ಗಡುವು. ಇಲ್ಲೇ ಮನೆ ಇಟ್ಟುಕೊಂಡು, ಇಲ್ಲೇ ಕಾರು ಇಟ್ಟುಕೊಂಡು ತೆರಿಗೆ ತಪ್ಪಿಸುವುದಕ್ಕೆ ಕೊಟ್ಟ ರಜೆ ಅಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೊರ ರಾಜ್ಯದ ನಂಬರಿನ ದುಬಾರಿ ಕಾರುಗಳನ್ನು ಸಾಲಾಗಿ ಹಿಡಿದರು. ಅದೇ ವರ್ಷ ಜುಲೈನಲ್ಲಿ ಒಂದು ಫೆರಾರಿಯ ಓನರ್ 1 ಕೋಟಿ 40 ಲಕ್ಷಕ್ಕೂ ಮೇಲೆ ಕಟ್ಟಬೇಕಾಯಿತು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸು ನೋಡಿ ರಿಯಾಯಿತಿ ಇದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಇದರ ಜೊತೆಗೆ ಆಮದು ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಆಯಿತು. ಈ ಎಲ್ಲ ಅಂಕಿ ಕೂಡಿಸಿ ನೋಡಿದ ಮೇಲೆ ದೆಹಲಿ ಕಾರು ಅಗ್ಗ ಅನ್ನಿಸುತ್ತಾ ಹೇಳಿ.

ಟೈರ್ ಬಗ್ಗೆಯೂ ಒಂದು ಮಾತು. ಟೈರಿನ ಪಕ್ಕದಲ್ಲಿ ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಹಿಂದಿನ ಟೈರ್‌ಗಳಲ್ಲಿ 0914 ಅಂತ ಇತ್ತು. ಮೇಲಿನ ಗೆರೆಗಳ ಆಳ ಚೆನ್ನಾಗಿತ್ತು, ರಬ್ಬರ್ ಮಾತ್ರ ಉಗುರು ಇಳಿಯದಷ್ಟು ಗಟ್ಟಿ. ಮಳೆಯಲ್ಲಿ ಇಂಥ ಟೈರ್ ಮೇಲೆ ಇಷ್ಟು ಶಕ್ತಿಯ ಕಾರು ಓಡಿಸುವುದು ಪ್ರಾಣದ ಜೊತೆ ಆಟ. ಈ ಕಾರಿಗೆ ಮುಂದಿನ ಅಳತೆ ಬೇರೆ, ಹಿಂದಿನ ಅಳತೆ ಬೇರೆ, ಅದಲು ಬದಲು ಮಾಡಲೂ ಆಗುವುದಿಲ್ಲ.

ಈ ತಲೆಮಾರಿನ 3.4 ಇಂಜಿನ್ ನೋಡುತ್ತಿದ್ದರೆ ಸಿಲಿಂಡರ್ ಒಳಗೋಡೆಯಲ್ಲಿ ಗೀರು ಬಿದ್ದಿದೆಯಾ ಅಂತಲೂ ನೋಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸುತ್ತಾರೆ. ನನ್ನ ಕಾರಿನಲ್ಲಿ ಆ ತೊಂದರೆ ಇರಲಿಲ್ಲ. ಆದರೆ ಇದನ್ನು ಓದುವ ಎಲ್ಲರ ಕಾರೂ ಹಾಗಿರುತ್ತದೆ ಅನ್ನಲು ಆಗುವುದಿಲ್ಲ ಅಲ್ವಾ?

ಅಂಗಡಿಯವರ ಹತ್ತಿರ ಎಲ್ಲ ತೆಗೆದುಕೊಂಡು ಹೋದೆ. "ನಮಗೂ ಹಾಗೇ ಬಂದಿದ್ದು ಸರ್, ಮೀಟರ್ ನಾವು ಮುಟ್ಟಿಲ್ಲ" ಅಂದರು. ಇರಬಹುದು. ಆದರೆ ಜಾಹೀರಾತಿನಲ್ಲಿ 31,000 ಅಂತ ಬರೆದು, ನಾನ್-ಆ್ಯಕ್ಸಿಡೆಂಟ್ ಅಂತ ಸೇರಿಸಿ ಮಾರಿದ್ದು ಅವರೇ. ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೆ. ಆ ಇಡೀ ವ್ಯವಹಾರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ನೀವೂ ನೋಡಿದ ಮೊದಲ ದಿನವೇ ತೆಗೆದಿಡಿ, ಮಾರಾಟವಾದ ಮರುದಿನ ಅದು ಇರುವುದಿಲ್ಲ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಲು ಬರುತ್ತದೆ, 2025ಕ್ಕೆ ಮುಂಚೆ ಅದಕ್ಕೆ ಇ-ದಾಖಿಲ್ ಪೋರ್ಟಲ್ ಇತ್ತು. ನಾನು ಹಾಗೇ ಹಾಕಿದೆ. ಕಾರು ಅಣ್ಣನ ಗ್ಯಾರೇಜಿನ ಹಿಂದಿನ ಶೆಡ್‌ನಲ್ಲಿ ಕವರ್ ಹೊದ್ದು ನಿಂತಿದೆ, ಇಂಜಿನ್ ಇನ್ನೂ ಇಳಿಸಿಲ್ಲ. ಕೇಸ್ ಮುಗಿಯುವವರೆಗೆ ಬಿಚ್ಚಬೇಡಿ ಅಂತ ವಕೀಲರು ಹೇಳಿದ್ದಾರೆ. ಆ ಅಲೈನ್‌ಮೆಂಟ್ ಹಾಳೆಯ ಅಂಕಿಗಳು ಮಾಸುತ್ತಾ ಬಂದಿವೆ. ಎರಡು ಬಣ್ಣದ ಜೆರಾಕ್ಸ್ ಮಾಡಿಸಿ, ಮೂಲವನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಟ್ಟಿದ್ದೇನೆ.