ಮಳೆ ರಜೆಗೆ ಮನೆಗೆ ಬಂದ 'ಫ್ರೀ ಟ್ರಯಲ್' ಮತ್ತು 18 ಕಂತಿನ ಸಾಲ

ಮಕ್ಕಳಿಗೆ ಕಲಿಕೆಯ ಆ್ಯಪ್ ಹಾಕಿಸುವ ಯೋಚನೆ ಇರುವವರು ಒಮ್ಮೆ ಇದನ್ನು ಓದಿ. ಕಂಪನಿಯ ಹೆಸರು ಬರೆಯುವುದಿಲ್ಲ, ಗ್ರಾಹಕರ ಆಯೋಗದಲ್ಲಿ ದೂರು ಇನ್ನೂ ನಡೀತಾ ಉಂಟು.

2024ರ ಜುಲೈ. ಮಂಗಳೂರಿನಲ್ಲಿ ಆ ತಿಂಗಳು ಡಿಸಿ ಎಷ್ಟು ಸಲ ಮಳೆಗೆ ರಜೆ ಕೊಟ್ಟರು ಅಂತ ನಿಮಗೂ ನೆನಪಿರಬಹುದು. ನನ್ನ ಮಗ ಆಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ರಜೆಯ ದಿನ ಟೀಚರು ವಾಟ್ಸಾಪ್ ಗ್ರೂಪಿಗೆ ನಾಲ್ಕು ಫೋಟೋ ಹಾಕಿ 'ಬರೆದುಕೊಳ್ಳಿ' ಅಂದರೆ ಅದೇ ಆನ್‌ಲೈನ್ ಕ್ಲಾಸು. ಪೋರ್ಶನ್ ಹಿಂದೆ ಬೀಳ್ತದೆ ಅಂತ ನಮಗೆ ತಲೆಬಿಸಿ. ಅದಕ್ಕೆ ಸರಿಯಾಗಿ ಆ ಆ್ಯಪ್ ಕಂಪನಿಯ ಫೋನ್ ಬಂತು. ಮಾಲ್‌ನ ಸ್ಟಾಲ್ ಒಂದರಲ್ಲಿ ಮಗ 'ಉಚಿತ ಸ್ಕಾಲರ್‌ಶಿಪ್ ಪರೀಕ್ಷೆ' ಬರೆದು ನನ್ನ ನಂಬರ್ ಕೊಟ್ಟು ಬಂದಿದ್ದ.

ಸಂಜೆ ಒಬ್ಬ ಹುಡುಗ ಮನೆಗೇ ಬಂದ. ತುಳುವಿನಲ್ಲೇ ಮಾತು ಶುರು ಮಾಡಿದ. ತುಳು ಕೇಳಿದರೆ ನಾವು ಅರ್ಧ ಸೋತ ಹಾಗೆ ಮಾರಾಯ್ರೆ, ಚಾ ಕೊಟ್ಟು ಕೂರಿಸಿದೆವು. "ಬ್ಲೆಂಡೆಡ್ ಲರ್ನಿಂಗ್ ಸರ್. ವಾರವಿಡೀ ಟ್ಯಾಬ್‌ನಲ್ಲಿ ಪಾಠ, ಭಾನುವಾರ ಸೆಂಟರ್‌ನಲ್ಲಿ ಟೀಚರ್. ಹದಿನೈದು ದಿನ ನೋಡಿ, ಬೇಡ ಅಂದ್ರೆ ವಾಪಸ್." ರಿಜಿಸ್ಟ್ರೇಶನ್ ತಾನೇ ಮಾಡಿಕೊಡ್ತೇನೆ ಅಂತ ನನ್ನ ಮೊಬೈಲ್ ತಗೊಂಡ. ಪ್ಯಾನ್, ಆಧಾರ್, ಒಂದು ಸೆಲ್ಫಿ. ಒಟಿಪಿ ಮೂರು ಸಲ ಬಂತು. ನನ್ನ ಕನ್ನಡಕ ಒಳಗಿತ್ತು. ಅವನೇ ಓದಿ ಅವನೇ ಒತ್ತಿದ. ಆ ಮೂರನೇ ಮೆಸೇಜು ಈಗಲೂ ಫೋನಲ್ಲಿ ಉಂಟು. ಪಾಠದ ಸುದ್ದಿಯೇ ಇಲ್ಲ ಅದರಲ್ಲಿ. ಒಂದು ಫೈನಾನ್ಸ್‌ನ ಹೆಸರು, 36,000 ರೂಪಾಯಿ, 18 ಕಂತು.

ನಾನು ಫೀಸನ್ನು ಕಂತಿನಲ್ಲಿ ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೆ. ಅದು ನನ್ನ ಹೆಸರಿನ ಸಾಲ. ಫೈನಾನ್ಸ್‌ನವರು ಆ್ಯಪ್‌ನವರಿಗೆ ದುಡ್ಡು ಕೊಟ್ಟು ಆಗಿತ್ತು. ಇನ್ನು ಪಾಠ ನಡೆಯಲಿ ಬಿಡಲಿ, ನನ್ನ ಅಕೌಂಟಿನಿಂದ ತಿಂಗಳಿಗೆ 2,000 ಕಟ್.

ಟ್ಯಾಬ್ ಬಂತು. ವಿಡಿಯೊದಲ್ಲಿ ಇಂಗ್ಲಿಷಿನ 'ಫ್ರಿಕ್ಷನ್', ಇವನ ಪುಸ್ತಕದಲ್ಲಿ 'ಘರ್ಷಣೆ'. ಎರಡು ದಿನ ನೋಡಿದ ಮೇಲೆ ಮಗ ಕೇಳಿದ, "ಅಪ್ಪಾ, ಇದೂ ಅದೂ ಒಂದೆಯಾ?" ಹನ್ನೆರಡನೇ ದಿನವೇ ಬೇಡ ಅಂತ ಫೋನ್ ಮಾಡಿದೆ. ಸೀನಿಯರ್ ಮೆಂಟರ್ ಮಾತಾಡ್ತಾರೆ ಅಂದರು. ನಾಳೆ, ನಾಡಿದ್ದು ಅಂತ ಹೇಳಿ ಹೇಳಿ ಆ ಮೆಂಟರ್ ಸಿಕ್ಕಿದ್ದು ಹದಿನಾರನೇ ದಿನ. "ಸರ್, ಟ್ರಯಲ್ ನಿನ್ನೆಗೇ ಮುಗಿದಿದೆ." ಸೆಂಟರ್ ಅಂದರೆ ಫರ್ನಿಚರ್ ಅಂಗಡಿಯ ಮಹಡಿಯ ಒಂದು ರೂಮು, ನಾಲ್ಕನೇ ಭಾನುವಾರ ಹೋದರೆ ಬೀಗ.

ಸಿಟ್ಟಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಅಕೌಂಟ್ ಖಾಲಿ ಇಟ್ಟೆ. ಕಂತು ಬೌನ್ಸ್ ಆದಾಗಲೆಲ್ಲ ಬ್ಯಾಂಕಿನ ದಂಡ ಬೇರೆ, ಫೈನಾನ್ಸಿನ ದಂಡ ಬೇರೆ. ಆಮೇಲೆ ಸ್ಕೂಟರ್ ಲೋನ್ ಕೇಳಲು ಹೋದಾಗ ಶೋರೂಮಿನ ಹುಡುಗಿ ಸ್ಕ್ರೀನ್ ನೋಡಿ, "ಸಿಬಿಲ್ ಬಿದ್ದಿದೆ ಅಂಕಲ್" ಅಂದಳು. ಸಾಲವನ್ನು ಸರಿಯಾಗಿ ಕಟ್ತೇವೋ ಇಲ್ಲವೋ ಅಂತ ತೋರಿಸುವ ಸ್ಕೋರು ಅದು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಸರ್ಕಾರಿ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇರ್ತದೆ. 2017ರಲ್ಲಿ ಬಂದ ಸರ್ಕಾರದ್ದೇ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅದೇ ಪಾಠಕ್ಕೆ ಸೇರಿದ ಸಾಮಗ್ರಿ ಸಿಗ್ತದೆ, ಒಂದು ಪೈಸೆ ಇಲ್ಲ. ಎಲ್ಲವೂ ಚಂದ ಇದೆ ಅಂತ ಹೇಳಲಾರೆ, ಆದರೆ ಅದು ಅವನ ಪುಸ್ತಕದ್ದೇ ಪಾಠ. ಇಂಥ ಕಂಪನಿಗಳಿಗೆ ಆಟೋ ಡೆಬಿಟ್ (ಅಕೌಂಟಿನಿಂದ ತಾನಾಗಿ ದುಡ್ಡು ಕಟ್ ಆಗುವ ಒಪ್ಪಿಗೆ) ಕೊಡಬೇಡಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಪೋಷಕರನ್ನು ಎಚ್ಚರಿಸಿತ್ತು. ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ಆಗಲೇ ಸಿಕ್ಕಿಹಾಕಿಕೊಂಡವರಿಗೆ: ಬೇಡ ಅನ್ನುವುದನ್ನು ಫೋನಿನಲ್ಲಿ ಹೇಳಬೇಡಿ, ಟ್ರಯಲ್ ಮುಗಿಯುವ ಮೊದಲೇ ಇಮೇಲ್ ಮಾಡಿ, ಫೈನಾನ್ಸಿಗೂ ಕಳಿಸಿ. ಬ್ಯಾಂಕಿನಲ್ಲಿ ಆಟೋ ಡೆಬಿಟ್ ನಿಲ್ಲಿಸಬಹುದು, ಆದರೆ ಅಷ್ಟಕ್ಕೆ ಸಾಲ ರದ್ದಾಗುವುದಿಲ್ಲ. ಫೈನಾನ್ಸ್‌ನವರು 30 ದಿನದಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಕಂಪನಿ ಬೆಂಗಳೂರಿನದ್ದಾದರೂ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ನಾವು ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಒಟಿಪಿ ಮೆಸೇಜುಗಳನ್ನು ಮಾತ್ರ ಡಿಲೀಟ್ ಮಾಡಬೇಡಿ. ನನ್ನ ದೂರಿಗೆ ಆಧಾರ ಆದದ್ದು ಆ ಮೂರನೇ ಮೆಸೇಜೇ.