ಲ್ಯಾಬ್ ಸಸಿಯೋ, ತೋಟದ ಕಂದೋ?

ಎಕರೆಗಟ್ಟಲೆ ಜಿ-9 ತಳಿಯ ಬಾಳೆ ಹಾಕುವವರು ಲ್ಯಾಬ್ ಸಸಿ, ಅಂದರೆ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿ ತರಲಿ. ಎಳೆ ಅಡಿಕೆಗೆ ನೆರಳಾಗಲಿ ಎಂದು ಏಲಕ್ಕಿ ಬಾಳೆ ಇಡುವವರಿಗೆ ತಾಯಿಗಿಡದ ಬುಡದಲ್ಲಿ ಏಳುವ ಒಳ್ಳೆ ಕಂದೇ ಸಾಕು. ಚನ್ನಗಿರಿ ಕಡೆ ಎರಡನ್ನೂ ಅಕ್ಕಪಕ್ಕದ ಸಾಲಲ್ಲಿ ನೆಟ್ಟು, ಒಂದೇ ನೀರು, ಒಂದೇ ಗೊಬ್ಬರ ಕೊಟ್ಟು ನೋಡಿದ ಮೇಲಿನ ಮಾತಿದು.

ಕಂದಿನ ಗೆಲುವು-ಸೋಲು ಆರಿಸುವಾಗಲೇ ತೀರ್ಮಾನ. ಕತ್ತಿಯಂಥ ಕಿರಿದೆಲೆಯ, ಒಂದೂವರೆ-ಎರಡು ಕೆಜಿ ತೂಗುವ ಕಂದು ಬೇಕು. ಅಗಲ ಎಲೆಯ ನೀರುಗಂದು ನೋಡೋಕೆ ಸೊಂಪು, ಗೆಡ್ಡೆಯಲ್ಲಿ ಕಸುವಿಲ್ಲ. ಬೇರು ಸವರಿ, ಮಚ್ಚಿನಿಂದ ಗೆಡ್ಡೆಯ ಸಿಪ್ಪೆ ತೆಳ್ಳಗೆ ಹೆರೆಯಿರಿ. ಒಳಗೆ ಬೆಳ್ಳಗಿದ್ದರೆ ನೆಡಿ. ಕಪ್ಪು ಸುರಂಗ ಕಂಡರೆ ಮೂತಿಹುಳು. ಕೆಂಗಂದು ಚುಕ್ಕೆ, ಗೆರೆ ಕಂಡರೆ ಪನಾಮ ಸೊರಗು ಎಂಬ ಶಿಲೀಂಧ್ರ ರೋಗ. ಅಂಥದ್ದನ್ನು ಸುಡಿ, ಬದುವಿಗೆ ಎಸೆಯಬೇಡಿ.

ಲ್ಯಾಬ್ ಸಸಿಯಲ್ಲಿ ಈ ತಪಾಸಣೆ ನಮ್ಮ ಕೈಲಿಲ್ಲ. ತುದಿಮೊಗ್ಗನ್ನು ಬಾಟಲಿಯಲ್ಲಿ ಮರಿ ಮಾಡಿಸುವಾಗ ಹುಳು, ಬೇರಿನ ಜಂತುಹುಳು, ಶಿಲೀಂಧ್ರ ಹೊರಗುಳಿಯುತ್ತವೆ. ವೈರಸ್ ಹಾಗಲ್ಲ: ತಾಯಿಗಿಡದಲ್ಲಿದ್ದರೆ ಸಾವಿರ ಸಸಿಗೂ ಹೋಗುತ್ತದೆ. ಬಿಲ್ಲಿನ ಜೊತೆ ವೈರಸ್ ಪರೀಕ್ಷೆಯ ಪ್ರಮಾಣಪತ್ರವನ್ನೂ ಕೇಳಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಇದಕ್ಕೆಂದೇ 2006ರಲ್ಲಿ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ಒಂದೇ ಮೊಗ್ಗಿನಿಂದ ಎಂಟು ಸುತ್ತು ಮೀರಿ ಮರಿ ಮಾಡಿಸಿದರೆ ಕುಳ್ಳ ಗಿಡ, ಬಿಳಿಪಟ್ಟೆ ಎಲೆ ಹೆಚ್ಚು. ಅಂಥವನ್ನು ಎಣಿಕೆಗೆ ಸೇರಿಸಿಕೊಳ್ಳಬೇಡಿ.

ಸಸಿ ಒಂದಡಿ ಎತ್ತರವಿರಲಿ, ಐದಾರು ಎಲೆ ಇರಲಿ, ಚೀಲದಲ್ಲಿ ಒಂದೂವರೆ ತಿಂಗಳು ಹದಗೊಂಡಿರಲಿ. ಅಗ್ಗ ಅಂತ ಟ್ರೇ ಸಸಿಯನ್ನೇ ತಂದು ಹಿರಿಯೂರಿನ ಬಿಸಿಲಿಗೆ ಒಡ್ಡಿದರೆ ಸುಟ್ಟು ಕರಕಲು. ಚೀಲವನ್ನು ಬದಿಯಿಂದ ಸೀಳಿ, ಮಣ್ಣಿನ ಉಂಡೆ ಒಡೆಯದಂತೆ ಇಳಿಸಿ. ಎರೆಭೂಮಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ: ಗಿಡ ಎಳೆದರೆ ಕಾಂಡ ಕೈಗೆ ಬರುತ್ತದೆ, ನಾರುವ ಗೆಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಮೊದಲ ನಾಲ್ಕು ತಿಂಗಳು ಸಾಲಿನ ನಡುವೆ ಸೌತೆ, ಕುಂಬಳ, ಟೊಮೆಟೊ, ಮೆಣಸಿನಗಿಡ ಬೇಡವೇ ಬೇಡ. ಅವುಗಳ ಮೊಸಾಯಿಕ್ ವೈರಸ್ಸನ್ನು ಸಸ್ಯಹೇನು ಹೊತ್ತು ತರುತ್ತದೆ. ಎಳೆಯ ಲ್ಯಾಬ್ ಸಸಿಗೆ ಅದು ಬೇಗ ಅಂಟುತ್ತದೆ. ಕಂದು ಇಷ್ಟು ನಾಜೂಕಲ್ಲ.

ಆರಡಿಗೆ ಆರಡಿಯಂತೆ ಎಕರೆಗೆ 1210 ಗಿಡ. ಲ್ಯಾಬ್ ಜಿ-9 ಹನ್ನೊಂದು-ಹನ್ನೆರಡು ತಿಂಗಳಿಗೆ ಕೊಯ್ಲಿಗೆ ಬರುತ್ತದೆ, ಕಂದಿನದು ಹದಿಮೂರರಿಂದ ಹದಿನೈದಕ್ಕೆ. ಸಸಿ ದುಬಾರಿಯಾದರೂ ಗೊನೆಗಳು ಹೆಚ್ಚುಕಡಿಮೆ ಒಟ್ಟಿಗೆ ಬಲಿಯುವುದರಿಂದ ಲಾರಿ ಕರೆಸಿದ ದಿನ ಲೋಡು ತುಂಬುತ್ತದೆ. ಕಂದಿನ ತೋಟದಲ್ಲಿ ಗೊನೆ ಆರಿಸುತ್ತಲೇ ಎರಡು-ಮೂರು ತಿಂಗಳು. ಆದರೆ ಒಟ್ಟಿಗೆ ಬಲಿತದ್ದು ಒಟ್ಟಿಗೇ ಬೀಳಲೂಬಹುದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಗೊನೆ ಹೊರಬಂದ ಕೂಡಲೇ ಊರುಗೋಲು ಕೊಡಿ.

ಏಲಕ್ಕಿ ಬಾಳೆಗೆ ಲೆಕ್ಕ ಬೇರೆ. ಪನಾಮ ಸೊರಗು ಮಣ್ಣಲ್ಲೇ ಇದ್ದರೆ ಲ್ಯಾಬ್ ಸಸಿಯೂ ಉಳಿಯದು. ಅದು ರೋಗವಿಲ್ಲದ್ದು, ರೋಗ ತಡೆಯುವಂಥದ್ದಲ್ಲ. ನೆರಳಿನ ಬಾಳೆಗೆ ವಾರಕ್ಕೆ ನಾಲ್ಕೈದು ಗೊನೆ ಸಿಕ್ಕರೆ ಸಂತೆಗೆ ಅದೇ ಅನುಕೂಲ. ಇನ್ನು ಕೊಯ್ಲಾದ ಬುಡದಿಂದಲೇ ತೆಗೆಯುವ ಕೂಳೆ ಬೆಳೆಗೆ ಬಿಡುವುದು ಹೇಗೂ ಕಂದನ್ನೇ. ಒಂದೆರಡು ಸಾಲು ಲ್ಯಾಬ್ ಸಸಿ ಹಾಕಿ, ರೋಗ ಕಾಣದ ಗಿಡಗಳ ಕಂದನ್ನು ಮುಂದಿನ ವರ್ಷ ಉಳಿದ ತೋಟಕ್ಕೆ ಬಳಸಿದರೆ ಸಸಿಯ ಖರ್ಚು ಅಲ್ಲಿಗೇ ನಿಲ್ಲುತ್ತದೆ.